ಬೆಲ್ಜಿಯಂ ಡಬ್ಬಿ, ಪುತ್ತೂರಿನ ಚಾಕಲೇಟು

ಇವತ್ತಿನ ಮಾತಿನಲ್ಲಿ ರಾಜರಿಲ್ಲ, ಯುದ್ಧವಿಲ್ಲ, ಶಾಸನವೂ ಇಲ್ಲ. ಇವತ್ತು ಚಾಕಲೇಟಿನ ಇತಿಹಾಸ. ಅದರಲ್ಲೂ ನಮ್ಮ ಪುತ್ತೂರಿನ ಚಾಕಲೇಟಿನದ್ದು. ಆದ್ರೆ ಕಥೆ ಶುರುವಾಗೋದು ಹೈದರಾಬಾದಿನಲ್ಲಿ, ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ.

ನಮ್ಮ ಟೀಮಿನ ಒಬ್ಬರು ಪ್ರಾಜೆಕ್ಟ್ ಕೆಲಸಕ್ಕೆ ಎರಡು ವಾರ ಬ್ರಸೆಲ್ಸ್‌ಗೆ ಹೋಗಿದ್ದರು. ನಡುವೆ ಸಿಕ್ಕ ಒಂದು ಭಾನುವಾರ ಬೆಳಿಗ್ಗೆ ರೈಲು ಹತ್ತಿ ಬ್ರೂಜ್ ಎಂಬ ಊರಿಗೆ ಹೋಗಿ, ಸಂಜೆ ವಾಪಸ್. ಸುಮಾರು ಒಂದು ಗಂಟೆಯ ದಾರಿ. ಕಾಲುವೆ, ಕಲ್ಲು ಹಾಸಿದ ಬೀದಿ, ಆ ಬೀದಿಯಲ್ಲಿ ಒಂದು ಪುಟ್ಟ ಚಾಕಲೇಟ್ ಅಂಗಡಿ. ಕೌಂಟರಿನ ಹಿಂದಿದ್ದ ಅಜ್ಜಿ ಒಂದೊಂದೇ ಚಾಕಲೇಟನ್ನು ಆರಿಸಿ, ತೂಗಿ, ಡಬ್ಬಿಯಲ್ಲಿ ಜೋಡಿಸಿ ಕೊಟ್ಟರಂತೆ. ಆ ಡಬ್ಬಿ ಗಚ್ಚಿಬೌಲಿಗೆ ಬಂತು. ಒಬ್ಬೊಬ್ಬರಿಗೆ ಒಂದೊಂದು ಅಂತ ಹಂಚಿದರು. ನಿಜ ಹೇಳ್ಬೇಕಾದ್ರೆ ತುಂಬಾ ಚೆನ್ನಾಗಿತ್ತು.

ಹಂಚುವಾಗ ಅವರು ನನ್ನ ಕಡೆ ತಿರುಗಿ ಕೇಳಿದರು: "ನಿಮ್ಮ ಕರ್ನಾಟಕದಲ್ಲಿ ಮೈಸೂರು ಪಾಕ್ ಇದೆ, ಧಾರವಾಡ ಪೇಡ ಇದೆ. ಚಾಕಲೇಟ್ ಅಂತ ಏನೂ ಇಲ್ಲ ಅಲ್ವಾ?"

ನಾನು ಹೇಳಿದೆ, "ನಮ್ಮ ಮನೆಯಿಂದ ಹದಿನೈದು ಕಿಲೋಮೀಟರಿನಲ್ಲಿ ಚಾಕಲೇಟ್ ಫ್ಯಾಕ್ಟರಿ ಉಂಟು. ಅದರಲ್ಲಿ ನಮ್ಮ ಅಪ್ಪನಿಗೂ ಪಾಲು ಉಂಟು."

ಎಲ್ಲರೂ ನಕ್ಕರು. ತಮಾಷೆ ಅಂದುಕೊಂಡರು. ಅದು ತಮಾಷೆ ಅಲ್ಲ ಅಂತ ವಿವರಿಸೋದಕ್ಕೆ ಟೀ ಬ್ರೇಕ್ ಸಾಲಲಿಲ್ಲ. ಹಾಗಾಗಿ ಅದನ್ನೇ ಇವತ್ತು ಇಲ್ಲಿ ಹೇಳ್ತೇನೆ.

ಮೊದಲು ಆ ಡಬ್ಬಿಯನ್ನೇ ನೋಡೋಣ. 1857ರಲ್ಲಿ ಝಾನ್ ನ್ಯೂಹೌಸ್ ಎಂಬವರು ಬ್ರಸೆಲ್ಸಿನಲ್ಲಿ ಔಷಧದ ಅಂಗಡಿ ಇಟ್ಟರು. ಕಹಿ ಮದ್ದು ಜನರ ಗಂಟಲಲ್ಲಿ ಇಳಿಯಲಿ ಅಂತ ಅದರ ಮೇಲೆ ಚಾಕಲೇಟಿನ ಲೇಪ ಕೊಡ್ತಾ ಇದ್ದರು. ನಮ್ಮಲ್ಲಿ ಕಷಾಯದ ಜೊತೆ ಬೆಲ್ಲ ಕೊಟ್ಟ ಹಾಗೆ. 1912ರಲ್ಲಿ ಅದೇ ಹೆಸರಿನ ಅವರ ಮೊಮ್ಮಗ ಒಳಗಿನ ಮದ್ದು ತೆಗೆದು ಸಿಹಿ ಹೂರಣ ತುಂಬಿದರು. ಅದೇ ಬೆಲ್ಜಿಯಂನ ಪ್ರಾಲೀನ್. ಕಾಗದದ ಪೊಟ್ಟಣದಲ್ಲಿ ಹಾಕಿದರೆ ಅದು ಜಜ್ಜಿಹೋಗ್ತದೆ ಅಂತ 1915ರಲ್ಲಿ ಗಟ್ಟಿ ರಟ್ಟಿನ ಡಬ್ಬಿ ಬಂತು. ನಮ್ಮ ಪ್ಯಾಂಟ್ರಿಗೆ ಬಂದದ್ದು ಅದೇ ಡಬ್ಬಿಯ ವಂಶದ್ದು.

ಇನ್ನೊಂದು ವಿಷಯ ಪ್ರವಾಸಿಗಳಿಗೆ ಸಾಮಾನ್ಯವಾಗಿ ಗೊತ್ತಾಗೋದಿಲ್ಲ. ಅಲ್ಲಿನ ಹೆಚ್ಚಿನ ಸಣ್ಣ ಅಂಗಡಿಗಳು ಕೊಕ್ಕೋ ಬೀಜ ಹುರಿಯೋದೂ ಇಲ್ಲ, ಅರೆಯೋದೂ ಇಲ್ಲ. ದೊಡ್ಡ ಫ್ಯಾಕ್ಟರಿಯಿಂದ ಸಿದ್ಧ ಚಾಕಲೇಟ್ ತರಿಸ್ತಾರೆ. ಅದನ್ನು ಕರಗಿಸಿ, ಅಚ್ಚಿಗೆ ಹೊಯ್ದು, ಹೂರಣ ತುಂಬಿ, ತಮ್ಮ ಕೈಚಳಕ ತೋರಿಸ್ತಾರೆ. 1925ರಲ್ಲಿ ಕ್ಯಾಲೆಬೋ ಎಂಬ ಮನೆತನದವರು ವೀಝ ಎಂಬ ಊರಿನಿಂದ ಬಿಸಿ ಟ್ಯಾಂಕಿನಲ್ಲಿ ದ್ರವ ಚಾಕಲೇಟನ್ನೇ ಬೇರೆ ತಯಾರಕರಿಗೆ ಕಳಿಸೋದಕ್ಕೆ ಶುರು ಮಾಡಿದರು. ಇದೇನೂ ಮೋಸ ಅಲ್ಲ. ದರ್ಜಿ ಬಟ್ಟೆ ನೇಯೋದಿಲ್ಲವಲ್ಲ, ಹಾಗೆ. ಆದ್ರೆ ನೆನಪಿಡಿ: ಅಂಗಡಿಯ ಹಿಂದೆ ಫ್ಯಾಕ್ಟರಿ ಉಂಟು, ಫ್ಯಾಕ್ಟರಿಯ ಹಿಂದೆ ಬಂದರು ಉಂಟು, ಬಂದರಿನ ಹಿಂದೆ ಯಾರದೋ ತೋಟ ಉಂಟು.

ಆ ತೋಟ ಬೆಲ್ಜಿಯಂನಲ್ಲಿ ಇಲ್ಲ. ಕೊಕ್ಕೋ ಭೂಮಧ್ಯರೇಖೆಯ ಆಚೆ ಈಚೆ, ಸುಮಾರು 20 ಡಿಗ್ರಿ ಅಕ್ಷಾಂಶದ ಒಳಗೆ ಬೆಳೆಯುವ ಮರ. ಮೊದಲು ಕಾಂಗೋ ದೇಶ 1885ರಿಂದ ಬೆಲ್ಜಿಯಂ ರಾಜ ಎರಡನೇ ಲಿಯೋಪೋಲ್ಡನ ಖಾಸಗಿ ಆಸ್ತಿಯಾಗಿತ್ತು. 1908ರಿಂದ 1960ರವರೆಗೆ ಬೆಲ್ಜಿಯಂನ ವಸಾಹತು. ಇವತ್ತು ಪ್ರಪಂಚದ ಕೊಕ್ಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯೋದು ಐವರಿ ಕೋಸ್ಟ್ ಮತ್ತು ಘಾನಾ, ಎರಡೇ ದೇಶಗಳು. ಬೀಜ ಅವರದ್ದು, ಹೆಸರು ಬೆಲ್ಜಿಯಂದು.

ಈಗ ಪುತ್ತೂರಿಗೆ ಬನ್ನಿ.

ದಕ್ಷಿಣ ಕನ್ನಡ ಗೊತ್ತಿಲ್ಲದವರಿಗೆ: ಪುತ್ತೂರು ಅಂದರೆ ಮಹಾಲಿಂಗೇಶ್ವರ ದೇವಸ್ಥಾನದ ಊರು, ಶಿವರಾಮ ಕಾರಂತರ ಬಾಲವನ ಇರುವ ಊರು. ಸುತ್ತಮುತ್ತ ಎಲ್ಲಿ ನೋಡಿದರೂ ಅಡಿಕೆ ತೋಟ. 1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗಾಲಾದರು. ಆಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಒಂದು ಸಹಕಾರಿ ಸಂಸ್ಥೆ ಹುಟ್ಟಿತು. ಅದೇ ಕ್ಯಾಂಪ್ಕೋ. ಭಟ್ಟರೇ ಅದರ ಸ್ಥಾಪಕಾಧ್ಯಕ್ಷರು.

ಇದರಲ್ಲಿ ಗಮನಿಸಬೇಕಾದ್ದು ಒಂದುಂಟು. 1956ರ ರಾಜ್ಯ ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ವಿಟ್ಲ, ಅಡ್ಯನಡ್ಕದ ಕಡೆ ಗಡಿಯ ಈಚೆಗೂ ಅಡಿಕೆ ತೋಟ, ಆಚೆಗೆ ಪೆರ್ಲ, ಬದಿಯಡ್ಕದಲ್ಲೂ ಅದೇ ತೋಟ, ಅದೇ ಭಾಷೆ, ಅದೇ ನೆಂಟಸ್ತಿಕೆ. ಕ್ಯಾಂಪ್ಕೋ ಹುಟ್ಟುವಾಗಲೇ ಎರಡೂ ರಾಜ್ಯಗಳ ಬೆಳೆಗಾರರದ್ದು ಅಂತ ಹುಟ್ಟಿತು. ನಕ್ಷೆಯಲ್ಲಿ ಬೇರೆಯಾದವರು ತಕ್ಕಡಿಯ ಮುಂದೆ ಮತ್ತೆ ಒಂದಾದರು.

ಚಾಕಲೇಟ್ ಎಲ್ಲಿಂದ ಬಂತು? ಕ್ಯಾಡ್‌ಬರಿ ಕಂಪನಿ 1965ರಲ್ಲಿ ವಯನಾಡಿನ ಚುಂಡೇಲ್‌ನಲ್ಲಿ ಕೊಕ್ಕೋ ಕೃಷಿಯ ಪ್ರಯೋಗ ಶುರು ಮಾಡಿತು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಬೆಳೆ ಕೇರಳದಲ್ಲೂ ನಮ್ಮ ಕಡೆಯೂ ಹಬ್ಬಿತು. ಅಡಿಕೆ ಮರಗಳ ನಡುವೆ 9 ಅಡಿ ಅಂತರ ಇರ್ತದೆ. ಕೊಕ್ಕೋಗೆ ನೆರಳು ಬೇಕು, ಅಡಿಕೆ ತೋಟದಲ್ಲಿ ಅದು ಬೇಕಾದಷ್ಟಿದೆ. ಅಡಿಕೆಗೆ ಹಾಕಿದ ನೀರು, ಗೊಬ್ಬರ ಇದಕ್ಕೂ ಸಿಗ್ತದೆ. ಇದರ ಸೊಪ್ಪು ಉದುರಿ ಅಡಿಕೆಯ ಬುಡಕ್ಕೇ ಗೊಬ್ಬರ. ಕಾಸರಗೋಡಿನ ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರ ವಿಟ್ಲ ಕೇಂದ್ರದಲ್ಲಿ ಕೊಕ್ಕೋ ಸಂಶೋಧನೆ ನಡೀತದೆ. ಅಲ್ಲಿ ತಯಾರಾದ ತಳಿಗಳ ಹೆಸರಿನ ಮೊದಲಿಗೆ ಇವತ್ತೂ "ವಿಟಿಎಲ್" ಅಂತ ಇರ್ತದೆ. ಅಂದ್ರೆ ವಿಟ್ಲ.

ಬೆಲೆಯೂ ಚೆನ್ನಾಗಿತ್ತು. 1977ರಲ್ಲಿ ಪ್ರಪಂಚದ ಮಾರುಕಟ್ಟೆಯಲ್ಲಿ ಕೊಕ್ಕೋ ಆಕಾಶಕ್ಕೆ ಏರಿತ್ತು. ನಮ್ಮ ಅಜ್ಜನೂ ಅಡಿಕೆಯ ನಡುವೆ ಇನ್ನೂರು ಗಿಡ ಹಾಕಿದರು.

ಆಮೇಲೆ ಏನಾಯಿತು ಅಂತ ಅರ್ಥ ಆಗಬೇಕಾದರೆ ಕೊಕ್ಕೋ ಕಾಯಿಯ ಒಳಗೆ ನೋಡಬೇಕು. ಕಾಯಿ ಒಡೆದರೆ ಮೂವತ್ತು ನಲವತ್ತು ಬೀಜ, ಸುತ್ತ ಬಿಳಿ ಲೋಳೆ. ಚೀಪಿದರೆ ಹುಳಿಸಿಹಿ, ಅಳಿಲಿಗೂ ಮಕ್ಕಳಿಗೂ ಪ್ರೀತಿ. ಆದ್ರೆ ಬೀಜಕ್ಕೆ ಚಾಕಲೇಟಿನ ರುಚಿ ಹುಟ್ಟಿನಿಂದ ಬರೋದಿಲ್ಲ. ಒಡೆದ ಬೀಜವನ್ನು ಬೇಗನೆ ಮರದ ಪೆಟ್ಟಿಗೆಯಲ್ಲೋ ಬುಟ್ಟಿಯಲ್ಲೋ ರಾಶಿ ಹಾಕಿ, ನಡುನಡುವೆ ಮಗುಚುತ್ತಾ ಐದಾರು ದಿನ ಹುದುಗಿಸಬೇಕು. ಆಮೇಲೆ ಒಂದು ವಾರ ಒಳ್ಳೆ ಬಿಸಿಲಿನಲ್ಲಿ ಒಣಗಿಸಬೇಕು. ಮೂರು ಕಿಲೋ ಹಸಿ ಬೀಜ ಒಣಗಿ ಸುಮಾರು ಒಂದು ಕಿಲೋ ಆಗ್ತದೆ.

ಈಗ ಯೋಚನೆ ಮಾಡಿ. ನಮ್ಮಲ್ಲಿ ಕೊಕ್ಕೋ ಜೋರಾಗಿ ಬರುವ ಒಂದು ಹಂಗಾಮು ಮಳೆಗಾಲಕ್ಕೆ ತಾಗಿಕೊಂಡೇ ಇರ್ತದೆ. ಜೂನಿನಲ್ಲಿ ಪುತ್ತೂರಿನ ಕಡೆ ವಾರಗಟ್ಟಲೆ ಬಿಸಿಲು ಎಲ್ಲಿಂದ ತರೋದು? ಅಡಿಕೆ ಹಾಗಲ್ಲ. ಒಣಗಿಸಿ ಗೋಣಿಯಲ್ಲಿ ತುಂಬಿ, ಬೆಲೆ ಬರುವ ತನಕ ಅಟ್ಟದಲ್ಲಿ ಇಡಬಹುದು. ಅಡಿಕೆ ಬೆಳೆಗಾರ ಕಾಯಬಲ್ಲ, ಕೊಕ್ಕೋ ಬೆಳೆಗಾರ ಕಾಯಲಾರ. ಹಸಿ ಬೀಜವನ್ನು ಕೂಡಲೇ ಕೊಳ್ಳುವವರು ಬೇಕೇ ಬೇಕು. ಕೊಳ್ಳುವವರು ಒಂದಿಬ್ಬರೇ ಆದರೆ ಅವರು ಹೇಳಿದ್ದೇ ಬೆಲೆ, ಅವರು ಬಾರದಿದ್ದರೆ ಬೆಲೆಯೇ ಇಲ್ಲ. ನಮ್ಮ ಸಾಫ್ಟ್‌ವೇರಿನಲ್ಲಿ ಇಡೀ ಸಿಸ್ಟಮ್ ಒಂದೇ ಸರ್ವರಿನ ಮೇಲೆ ನಿಂತಿದ್ದರೆ ಹೇಗೋ, ಹಾಗೆ.

ಆ ಸರ್ವರ್ 1979–80ರ ಹೊತ್ತಿಗೆ ಡೌನ್ ಆಯಿತು. ಹೊರಗಿನ ಮಾರುಕಟ್ಟೆ ಬಿದ್ದಿತ್ತು, ಖಾಸಗಿ ಖರೀದಿ ಹಿಂದೆ ಸರಿಯಿತು. ನಮ್ಮ ಅಜ್ಜ ಎರಡು ಸಲ ತಲೆಹೊರೆಯಲ್ಲಿ ಹಸಿ ಬೀಜ ಹೊರಿಸಿಕೊಂಡು ಪೇಟೆಗೆ ಹೋಗಿ, ಎರಡು ಸಲವೂ ಅದನ್ನೇ ವಾಪಸ್ ತಂದು ಗೊಬ್ಬರದ ಗುಂಡಿಗೆ ಹಾಕಿದರಂತೆ. ಮೂರನೇ ಸಲ ಪೇಟೆಗೆ ಹೋಗಲಿಲ್ಲ, ಕತ್ತಿ ಹಿಡಿದು ತೋಟಕ್ಕೆ ಇಳಿದರು. ಬಾವಿಯ ಹತ್ತಿರದ ಎರಡು ಗಿಡ ಬಿಟ್ಟು ಎಲ್ಲವನ್ನೂ ಕಡಿದರು. ಆ ಎರಡನ್ನು ಬಿಟ್ಟದ್ದು ಅಜ್ಜಿ ಹೇಳಿದ್ದಕ್ಕೆ: "ಮಕ್ಕಳು ಚೀಪ್ತಾವೆ, ಇರಲಿ." ಹೀಗೆ ಕೊಕ್ಕೋ ಕಡಿದವರು ನಮ್ಮ ಅಜ್ಜ ಒಬ್ಬರೇ ಅಲ್ಲ. ಆ ಕಾಲದವರನ್ನು ಕೇಳಿದರೆ ಊರೂರಿನಲ್ಲೂ ಈ ಕಥೆ ಸಿಗ್ತದೆ.

ಆಗ ಎರಡೂ ರಾಜ್ಯ ಸರ್ಕಾರಗಳು ಕ್ಯಾಂಪ್ಕೋವನ್ನು ಕೇಳಿಕೊಂಡವು, ಕೊಕ್ಕೋ ಖರೀದಿಗೆ ಇಳಿಯಿರಿ ಅಂತ. ಅಡಿಕೆ ಸಂಸ್ಥೆ ಇಳಿಯಿತು. ಹಸಿ ಬೀಜ ಕೊಂಡರು, ತಾವೇ ಹುದುಗಿಸಿ ಒಣಗಿಸಿದರು. ಆದ್ರೆ ಒಣ ಬೀಜವನ್ನು ಮಾರಬೇಕಾದದ್ದು ಅದೇ ಬಿದ್ದ ಮಾರುಕಟ್ಟೆಯಲ್ಲಿ. ಮೊದಲು ರೈತನ ಅಂಗಳದಲ್ಲಿದ್ದ ಸಮಸ್ಯೆ ಈಗ ಸಂಸ್ಥೆಯ ಗೋದಾಮಿನಲ್ಲಿ ಬಂದು ಕೂತಿತು, ಅಷ್ಟೇ.

ಅದಕ್ಕೆ ಅವರು ಹುಡುಕಿದ ದಾರಿ ಚಾಕಲೇಟ್ ಫ್ಯಾಕ್ಟರಿ. ಅಡಿಕೆ ಸುಲಿಯುವ ಊರಿನವರು, ಅಡಿಕೆ ಮಾರಿಯೇ ಗೊತ್ತಿದ್ದವರು, ಹುರಿಯುವ, ಅರೆಯುವ, ಬೆಣ್ಣೆ ಹಿಂಡುವ ಯಂತ್ರಗಳನ್ನು ಹಾಕಿದರು. 1986ರ ಸೆಪ್ಟೆಂಬರ್ 1ರಂದು ಪುತ್ತೂರಿನ ಕೆಮ್ಮಿಂಜೆಯಲ್ಲಿ ಆಗಿನ ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ಚಾಕಲೇಟನ್ನು ತಿಂದೇ ನೋಡದ ಎಷ್ಟೋ ಬೆಳೆಗಾರರು ಆ ಹೊತ್ತಿಗೆ ಚಾಕಲೇಟ್ ಫ್ಯಾಕ್ಟರಿಯ ಪಾಲುದಾರರಾಗಿದ್ದರು.

ಇದು ಸಣ್ಣ ಧೈರ್ಯ ಅಲ್ಲ. ಕೊಕ್ಕೋ ಬೆಣ್ಣೆ ಸುಮಾರು 34 ಡಿಗ್ರಿಯಲ್ಲಿ ಕರಗ್ತದೆ. ನಮ್ಮ ಮೈಯ ಬಿಸಿಗಿಂತ ಸ್ವಲ್ಪ ಕಡಿಮೆ, ಅದಕ್ಕೇ ಚಾಕಲೇಟ್ ಬಾಯಲ್ಲಿಟ್ಟ ಕೂಡಲೇ ನೀರಾಗೋದು. ತಂಪು ದೇಶಕ್ಕೆ ಅದು ವರ. ಏಪ್ರಿಲಿನಲ್ಲಿ ಪುತ್ತೂರು ಬಸ್‌ಸ್ಟ್ಯಾಂಡಿನ ಅಂಗಡಿಯವನಿಗೆ ಅದೇ ತಲೆನೋವು. ಅದೂ ಅಲ್ಲದೆ ಬೆಣ್ಣೆ ಸರಿಯಾದ ಹರಳಾಗಿ ಗಟ್ಟಿಯಾಗಬೇಕು. ಅದಕ್ಕೆ ಕರಗಿಸಿದ್ದನ್ನು ತಣಿಸಿ, ಮತ್ತೆ ಮೂವತ್ತೊಂದು ಮೂವತ್ತೆರಡು ಡಿಗ್ರಿಗೆ ತಂದು ನಿಲ್ಲಿಸಬೇಕು. ಇಲ್ಲದಿದ್ದರೆ ಮೇಲೆ ಬಿಳಿ ಪೊರೆ ಬರ್ತದೆ, ಮುರಿದರೆ ಟಕ್ ಅನ್ನೋದಿಲ್ಲ.

ಬೀಜ ಮಾತ್ರ ಹಿಡಿದುಕೊಂಡು ಕೂತರೆ ಏನಾಗ್ತದೆ ಅನ್ನೋದಕ್ಕೆ ಆ ಕಾಲದ್ದೇ ಇನ್ನೊಂದು ಉದಾಹರಣೆ ಉಂಟು. ಐವರಿ ಕೋಸ್ಟ್ ಪ್ರಪಂಚದಲ್ಲೇ ಅತಿ ಹೆಚ್ಚು ಕೊಕ್ಕೋ ಬೆಳೆಯುವ ದೇಶ. 1988ರ ಹೊತ್ತಿಗೆ ಅಲ್ಲಿನ ಅಧ್ಯಕ್ಷ ಊಫೂಯೆ ಬ್ವಾನಿ, ಬೆಲೆ ಏರುವ ತನಕ ಬೀಜ ಮಾರೋದಿಲ್ಲ ಅಂತ ಹಟ ಹಿಡಿದರು. ಬೆಲೆ ಏರಲಿಲ್ಲ. ಕೊಳ್ಳುವವರ ಗೋದಾಮಿನಲ್ಲಿ ದಾಸ್ತಾನಿತ್ತು, ಬೇರೆ ದೇಶಗಳ ಬೀಜವೂ ಇತ್ತು. ಕೊನೆಗೆ 1989ರಲ್ಲಿ ಅಲ್ಲಿನ ರೈತನಿಗೆ ಕೊಡುವ ಬೆಲೆಯನ್ನೇ ಅರ್ಧಕ್ಕೆ ಇಳಿಸಬೇಕಾಯಿತು. ಅಷ್ಟು ದೊಡ್ಡ ದೇಶಕ್ಕೇ ಆಗದ್ದು ಪುತ್ತೂರಿನವರಿಗೆ ಆಯಿತು ಅಂತ ನಾನು ಜಂಬ ಕೊಚ್ಚೋದಿಲ್ಲ. ಎರಡರ ಪ್ರಮಾಣಕ್ಕೆ ಹೋಲಿಕೆಯೇ ಇಲ್ಲ. ಇವತ್ತಿಗೂ ಇಡೀ ಭಾರತದ ಕೊಕ್ಕೋ ಪ್ರಪಂಚದ ಬೆಳೆಯಲ್ಲಿ ಶೇಕಡಾ 1ಕ್ಕಿಂತ ಕಡಿಮೆ. ಆದ್ರೆ ಬೀಜವನ್ನು ತಡೆದು ಹಿಡಿಯೋದು ಬೇರೆ, ಬೀಜವನ್ನು ಮುಂದಿನ ಹಂತಕ್ಕೆ ನಾವೇ ಒಯ್ಯೋದು ಬೇರೆ.

ಹಾಗಂತ ಕ್ಯಾಂಪ್ಕೋ ಬೆಲ್ಜಿಯಂ ಆಗಲಿಲ್ಲ. ಅಲ್ಲಿ ತಯಾರಾದದ್ದರಲ್ಲಿ ಕೊಕ್ಕೋ ಬೆಣ್ಣೆ, ಪುಡಿ, ಬೇರೆಯವರಿಗೆ ಬೇಕಾದ ಸಿದ್ಧ ಚಾಕಲೇಟ್ ಎಲ್ಲವೂ ಉಂಟು. ತನ್ನದೇ ಹೆಸರಿನ ಕ್ಯಾಂಪ್ಕೋ ಬಾರ್ ಬಂತು, ಮೆಲ್ಟೋ ಬಂತು, ಬಿಸಿ ಹಾಲಿಗೆ ಹಾಕುವ ವಿನ್ನರ್ ಬಂತು. ನಾವು ಶಾಲೆಗೆ ಹೋಗುವಾಗ ಬಹುಮಾನ ಅಂದರೆ ಕ್ಯಾಂಪ್ಕೋ ಬಾರ್. ಟಿವಿ ಜಾಹೀರಾತಿನ ಚಾಕಲೇಟ್ ಬೇರೆ, ನಮ್ಮದು ಬೇರೆ ಅಂತ ಆಗಲೇ ಗೊತ್ತಿತ್ತು. ಸ್ವಲ್ಪ ನಾಚಿಕೆಯೂ ಇತ್ತು ಅಂತ ಈಗ ಒಪ್ಪಿಕೊಳ್ತೇನೆ. ನಾನು ಎಂಟೆಕ್ ಮುಗಿಸಿ ಹೈದರಾಬಾದಿಗೆ ಬಂದ ಮೇಲೆ ಮೊದಲ ಕೆಲವು ವರ್ಷ ಊರಿನಿಂದ ಹಲಸಿನ ಹಪ್ಪಳ ತಂದೆ, ಬಾಳೆಕಾಯಿ ಚಿಪ್ಸ್ ತಂದೆ, ಚಾಕಲೇಟ್ ತರಲೇ ಇಲ್ಲ.

ಹೈದರಾಬಾದಿಗೂ ತನ್ನದೇ ಚಾಕಲೇಟ್ ಕಥೆ ಉಂಟು. 1988ರಲ್ಲಿ ಶುರುವಾದ ಲೋಟಸ್ ಚಾಕಲೇಟ್ ಕಂಪನಿ ಇಲ್ಲಿನದ್ದೇ, ಅದರ ಫ್ಯಾಕ್ಟರಿ ಮೆದಕ್ ಕಡೆಯ ದೌಲತಾಬಾದಿನಲ್ಲಿ. 2023ರಲ್ಲಿ ಅದರ ಶೇಕಡಾ 51 ಪಾಲು ರಿಲಯನ್ಸ್ ಕೈಗೆ ಹೋಯಿತು. ಅದೇ ವರ್ಷ ಬಂಜಾರಾ ಹಿಲ್ಸ್‌ನಲ್ಲಿ ಮನಂ ಚಾಕಲೇಟಿನ ಮಳಿಗೆ ತೆರೆಯಿತು. ತೆಲುಗಿನಲ್ಲಿ "ಮನಂ" ಅಂದರೆ ನಾವೂ ನೀವೂ ಸೇರಿದ "ನಾವು". ಬೀಜ ಪಶ್ಚಿಮ ಗೋದಾವರಿಯ ತೋಟಗಳದ್ದು. ಅಲ್ಲಿ ಅಡಿಕೆಯ ಬದಲು ತೆಂಗಿನ ನೆರಳಿನಲ್ಲಿ ಕೊಕ್ಕೋ ಬೆಳೀತಾರೆ. ಈಗ ದೇಶದಲ್ಲೇ ಅತಿ ಹೆಚ್ಚು ಕೊಕ್ಕೋ ಬೆಳೆಯುವ ರಾಜ್ಯ ಆಂಧ್ರ. ಪ್ಯಾಂಟ್ರಿಯ ಆ ಮಾತಾದ ಮೇಲೆ ಒಂದು ಶನಿವಾರ ಅಲ್ಲಿಗೆ ಹೋದೆ. ಚಾಕಲೇಟ್ ಮಾಡೋದನ್ನು ನಿಂತು ನೋಡಬಹುದು. ಹುರಿದ ಬೀಜದ ಪರಿಮಳ ಬಂದಾಗ ನನಗೆ ನೆನಪಾದದ್ದು ಮಾತ್ರ ಬೇರೆ: ನಮ್ಮ ಕೊಟ್ಟಿಗೆಯ ಪಕ್ಕ ಬುಟ್ಟಿಯಲ್ಲಿ ಹುದುಗುತ್ತಿದ್ದ ಹಸಿ ಕೊಕ್ಕೋದ ಹುಳಿ ವಾಸನೆ. ಯಾಕಂದ್ರೆ ಫ್ಯಾಕ್ಟರಿ ಬಂದ ಮೇಲೆ ಅಪ್ಪ ಮತ್ತೆ ಗಿಡ ನೆಟ್ಟಿದ್ದರು. ಅಜ್ಜ ಬೇಡ ಅನ್ನಲಿಲ್ಲ, ಗುಂಡಿ ತೆಗೆಯೋದಕ್ಕೂ ಬರಲಿಲ್ಲ.

ಕಥೆ ಇಲ್ಲಿಗೆ ಮುಗಿಸಿದರೆ ಚೆಂದ. ಆದ್ರೆ 2024 ಬಂತು. ಪಶ್ಚಿಮ ಆಫ್ರಿಕಾದಲ್ಲಿ ಹವಾಮಾನ, ರೋಗ ಎರಡೂ ಸೇರಿ ಬೆಳೆ ಹೋಯಿತು. ಪ್ರಪಂಚದ ಮಾರುಕಟ್ಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತು, ವರ್ಷದ ಕೊನೆಗೆ 12,000ಕ್ಕೂ ಮೇಲೆ ಹೋಯಿತು. ಕೇರಳದಲ್ಲಿ ಒಣ ಬೀಜ ಕಿಲೋಗೆ ಸಾವಿರ ರೂಪಾಯಿ ಮುಟ್ಟಿತು. ಎಂದೂ ಬಾರದ ವ್ಯಾಪಾರಿಗಳು ನಮ್ಮ ಮನೆ ಅಂಗಳಕ್ಕೇ ಬಂದರು. ಸಂಸ್ಥೆಗಿಂತ ಹತ್ತಿಪ್ಪತ್ತು ರೂಪಾಯಿ ಹೆಚ್ಚು, ಕೈಯಲ್ಲೇ ದುಡ್ಡು.

ಅಪ್ಪ ರಾತ್ರಿ ಫೋನ್ ಮಾಡಿ ಕೇಳಿದರು, "ಎಂತ ಮಾಡುದು? ನೀನು ಓದಿದವ, ಹೇಳು."

ನಾನು ಲೆಕ್ಕ ಹಾಕಿ ಹೇಳಿದೆ, "ಹೆಚ್ಚು ಕೊಡುವವರಿಗೆ ಕೊಡಿ ಅಪ್ಪ. ಇದರಲ್ಲಿ ಯೋಚನೆ ಮಾಡೋದು ಎಂತ ಉಂಟು?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಇವ ಬರುವ ವರ್ಷ ಬರ್ತಾನಾ?"

ಇಷ್ಟು ಇತಿಹಾಸ ಓದಿ, ನಿಮ್ಮ ಮುಂದೆ ಇಷ್ಟು ಮಾತಾಡುವ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಎರಡು ಸಲ ಬೀಜ ಹೊತ್ತು ವಾಪಸ್ ಬಂದವರ ಮಗನಿಗೆ ಅದು ತಾನಾಗಿ ಹೊಳೆಯಿತು. ಅಪ್ಪ ಹೆಚ್ಚಿನ ಬೀಜವನ್ನು ಕ್ಯಾಂಪ್ಕೋಗೇ ಹಾಕಿದರು. ಮಾಡಿಗೆ ಶೀಟ್ ಹಾಕಿಸುವ ಖರ್ಚು ಬಂದಾಗ ಒಂದೇ ಒಂದು ಸಲ ವ್ಯಾಪಾರಿಗೆ ಕೊಟ್ಟರು. ಅದನ್ನು ನನ್ನ ಹತ್ತಿರ ಹೇಳುವಾಗ ಸ್ವರ ತಗ್ಗಿಸಿದರು. ತಪ್ಪು ಅಂತ ನಾನು ಹೇಳೋದಿಲ್ಲ. ಸಹಕಾರ ಅನ್ನೋದು ಬೋರ್ಡಿನ ಮೇಲೆ ಬರೆದರೆ ನಡೆಯೋದಿಲ್ಲ. ಬೆಲೆ ಬಿದ್ದ ದಿನ ಸಂಸ್ಥೆ ರೈತನ ಜೊತೆ ನಿಲ್ಲಬೇಕು, ಬೆಲೆ ಎದ್ದ ದಿನ ರೈತ ಸಂಸ್ಥೆಯ ಜೊತೆ ನಿಲ್ಲಬೇಕು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ, ಯಾಕಂದ್ರೆ ಆ ದಿನ ಬಿಟ್ಟು ಹೋಗೋದಕ್ಕೆ ನಮಗೆ ಕಾರಣ ಇರ್ತದೆ.

2025ರಲ್ಲಿ ಬೆಲೆ ಮತ್ತೆ ಅರ್ಧದಷ್ಟು ಇಳಿಯಿತು. ಅಂಗಳಕ್ಕೆ ಬರುತ್ತಿದ್ದ ವ್ಯಾಪಾರಿಗಳು ನಿಂತರು. ಖರೀದಿ ಕೇಂದ್ರದ ತಕ್ಕಡಿ ಅಲ್ಲೇ ಇತ್ತು.

ಕಳೆದ ಸಲ ಊರಿಗೆ ಹೋದವನು ಕೇರಳ ಸುತ್ತಿ ಬರುವ ಕಾಚಿಗುಡ ರೈಲಿನಲ್ಲಿ ವಾಪಸ್ ಬಂದೆ. ಬ್ಯಾಗಿನಲ್ಲಿ ಬಟ್ಟೆಯ ನಡುವೆ ಸುತ್ತಿ ಇಟ್ಟ ಇಪ್ಪತ್ತು ಕ್ಯಾಂಪ್ಕೋ ಬಾರ್. ಅರ್ಧ ಕರಗಿ, ಮತ್ತೆ ಗಟ್ಟಿಯಾಗಿ, ಮೇಲೆ ಬಿಳಿ ಪೊರೆ ಬಂದಿತ್ತು. ಆದರೂ ಪ್ಯಾಂಟ್ರಿಯಲ್ಲಿ ಇಟ್ಟೆ. ಬ್ರೂಜ್‌ಗೆ ಹೋಗಿದ್ದವರು ಒಂದು ತುಂಡು ಬಾಯಿಗೆ ಹಾಕಿ, "ಸಿಹಿ ಸ್ವಲ್ಪ ಜಾಸ್ತಿ" ಅಂದರು. ಹೌದು, ಜಾಸ್ತಿಯೇ. ಆಮೇಲೆ ಕವರ್ ತಿರುಗಿಸಿ ವಿಳಾಸ ಓದಿದರು. ಪುತ್ತೂರು, ದಕ್ಷಿಣ ಕನ್ನಡ.

"ನಿಮ್ಮ ಅಪ್ಪನಿಗೆ ಪಾಲು ಇದೆ ಅಂದ್ರಲ್ಲ, ಅದು ನಿಜವಾ?"

"ನಿಜ," ಅಂದೆ. ಈ ಸಲ ಯಾರೂ ನಗಲಿಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲೂ ಆ ವರ್ಷಗಳಲ್ಲಿ ಕೊಕ್ಕೋ ಕಡಿದವರಿದ್ದರೆ, ಅವರ ಹತ್ತಿರ ಒಮ್ಮೆ ಕೂತು ಕೇಳಿ.